ಪಾಯಿಂಟರನ್ನು ಹೊತ್ತ ಪೂರ್ಣಾಂಕ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಿ ಭಾಷೆಯಲ್ಲಿ ಒಂದು ಪಾಯಿಂಟರಿನ ಮೌಲ್ಯವನ್ನು ಪೂರ್ಣಾಂಕದಲ್ಲಿ ಇಟ್ಟುಕೊಳ್ಳಬೇಕಾದರೆ ಯಾವ ಟೈಪ್ ಬಳಸಬೇಕು? ಇದಕ್ಕೆ ಒಂದೇ ಸಾಲಿನ ಉತ್ತರವಿದೆ: ಎಸ್‌ಟಿಡಿಇಂಟ್ ಹೆಡರನ್ನು ಸೇರಿಸಿಕೊಂಡು ಯುಇಂಟ್‌ಪಿಟಿಆರ್_ಟಿ ಬಳಸಿ. 1999ರ ಸಿ ಮಾನಕ ಬಂದಾಗಿನಿಂದ ಈ ಉತ್ತರ ನಮ್ಮ ಕೈಯಲ್ಲಿದೆ. ಆದರೆ ಭಾಷೆ ಹುಟ್ಟಿ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಈ ಟೈಪ್ ಇರಲಿಲ್ಲ. ಬಂದ ಮೇಲೂ ಅದು ಏನನ್ನು ಖಾತರಿಪಡಿಸುತ್ತದೆ ಎಂಬ ಚರ್ಚೆ ಮಾನಕ ಸಮಿತಿಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಇಷ್ಟು ಚಿಕ್ಕ ಸಂಗತಿಗೆ ಇಷ್ಟು ದೀರ್ಘ ಇತಿಹಾಸ ಇರುವುದಕ್ಕೆ ಕಾರಣ, ಅದರ ಹಿಂದೆ ಇನ್ನೊಂದು ಪ್ರಶ್ನೆ ಕೂತಿದೆ: ಮೆಮೊರಿಯ ವಿಳಾಸ ಎಂದರೆ ಬರಿಯ ಒಂದು ಅಂಕಿಯೇ? ಅಲ್ಲ ಎಂಬುದು ನನ್ನ ನಿಲುವು. ಅದು ಏಕೆ ಅಲ್ಲ ಎಂಬುದನ್ನು ಕಂಪ್ಯೂಟರ್ ಲೋಕ ಪ್ರತಿ ಸಲವೂ ನಷ್ಟ ಅನುಭವಿಸಿಯೇ ಕಲಿತಿದೆ. ಆ ಕಲಿಕೆಯ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

ಮೊದಲು ವಿಳಾಸ, ಅಂಕಿ ಎರಡೂ ಒಂದೇ ಆಗಿದ್ದವು. 1960ರ ದಶಕದ ಉತ್ತರಾರ್ಧದಲ್ಲಿ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್ ಭಾಷೆಯಲ್ಲಿ ಟೈಪ್ ಎಂಬುದೇ ಇರಲಿಲ್ಲ. ಇದ್ದದ್ದು ಯಂತ್ರದ ವರ್ಡ್ ಮಾತ್ರ. ಅದನ್ನು ಕೂಡಿದರೆ ಸಂಖ್ಯೆ, ಅದರ ಮೂಲಕ ಮೆಮೊರಿಗೆ ಹೋದರೆ ವಿಳಾಸ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಕುಗ್ಗಿಸಿ ಬಿ ಭಾಷೆ ಮಾಡಿದಾಗಲೂ ಈ ಗುಣ ಉಳಿಯಿತು. ಅವರ ಪಿಡಿಪಿ-7 ಯಂತ್ರದಲ್ಲಿ ವರ್ಡ್‌ಗೆ 18 ಬಿಟ್; ಒಂದು ವಿಳಾಸಕ್ಕೆ ಒಂದು ವರ್ಡ್. ವಿಳಾಸಕ್ಕೆ ಒಂದು ಕೂಡಿದರೆ ಮುಂದಿನ ವರ್ಡ್ ಸಿಗುತ್ತಿತ್ತು, ಲೆಕ್ಕ ಸರಳ.

ಪಿಡಿಪಿ-11 ಬಂದ ಮೇಲೆ ಈ ಸರಳತೆ ಕೆಟ್ಟಿತು. ಅಲ್ಲಿ ಪ್ರತಿ ಬೈಟಿಗೂ ತನ್ನದೇ ವಿಳಾಸ. 16 ಬಿಟ್‌ನ ಒಂದು ವರ್ಡ್ ಎರಡು ವಿಳಾಸಗಳನ್ನು ಆಕ್ರಮಿಸುತ್ತದೆ. ಬಿ ಭಾಷೆಯ ಪಾಯಿಂಟರ್ ವರ್ಡ್‌ಗಳನ್ನು ಎಣಿಸುತ್ತಿತ್ತು, ಯಂತ್ರ ಬೈಟ್‌ಗಳನ್ನು ಎಣಿಸುತ್ತಿತ್ತು; ಹಾಗಾಗಿ ಪಾಯಿಂಟರ್ ಬಳಸಿದಾಗಲೆಲ್ಲ ಒಂದು ಗುಣಾಕಾರ ನಡೆಯಬೇಕಿತ್ತು. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಅದಕ್ಕೆ ಟೈಪ್‌ಗಳನ್ನು ತಂದ ಕಾರಣಗಳಲ್ಲಿ ಇದೂ ಒಂದೆಂದು ಅವರೇ ದಾಖಲಿಸಿದ್ದಾರೆ. ಯಾವುದಕ್ಕೆ ತೋರಿಸುತ್ತಿದೆ ಎಂಬುದು ಗೊತ್ತಿದ್ದರೆ ಎಷ್ಟು ಬೈಟ್ ದಾಟಬೇಕು ಎಂಬುದನ್ನು ಕಂಪೈಲರ್ ಮೊದಲೇ ಲೆಕ್ಕ ಹಾಕಿಡಬಹುದು. ಪಾಯಿಂಟರ್ ಮತ್ತು ಪೂರ್ಣಾಂಕ ಬೇರೆ ಬೇರೆ ಮನೆ ಮಾಡಿದ್ದು ಹೀಗೆ.

ಮನೆ ಬೇರೆಯಾದರೂ ಬಹಳ ದಿನ ನಡುವೆ ಗೋಡೆ ಇರಲಿಲ್ಲ. 1975ರ ಯೂನಿಕ್ಸ್ ಆರನೇ ಆವೃತ್ತಿಯ ಕರ್ನಲ್‌ನಲ್ಲಿ ಇದರ ಸ್ಪಷ್ಟ ಕುರುಹು ಇದೆ. ಪಿಡಿಪಿ-11ರ ಮುಂಭಾಗದ ಸ್ವಿಚ್‌ಗಳು ಯಾವ ಸ್ಥಿತಿಯಲ್ಲಿವೆ ಎಂದು ಓದುವ ರಿಜಿಸ್ಟರ್ ಅಷ್ಟಮಾನ ಪದ್ಧತಿಯ 177570 ಎಂಬ ವಿಳಾಸದಲ್ಲಿತ್ತು. ಕರ್ನಲ್ ಬರೆದವರು ಆ ಅಂಕಿಗೆ ಎಸ್‌ಡಬ್ಲ್ಯು ಎಂದು ಹೆಸರಿಟ್ಟು, ಅದರ ಮುಂದೆ ನೇರವಾಗಿ ಬಾಣದ ಗುರುತು ಹಾಕಿ, ಇಂಟೆಗ್ ಎಂಬ ಸದಸ್ಯನನ್ನು ಓದಿಬಿಡುತ್ತಿದ್ದರು. ಬಾಣದ ಎಡಕ್ಕೆ ಪಾಯಿಂಟರೇ ಇರಬೇಕೆಂಬ ಕಟ್ಟುಪಾಡು ಆಗಿನ ಕಂಪೈಲರಿಗೆ ಇರಲಿಲ್ಲ. ಇದರ ತಿರುಗುಮುರುಗನ್ನೂ ಮಾಡುತ್ತಿದ್ದರು. ಆಗ ಅನ್‌ಸೈನ್ಡ್ ಟೈಪ್ ಇರಲಿಲ್ಲವಾದ್ದರಿಂದ ಋಣ ಚಿಹ್ನೆಯಿಲ್ಲದ ಸಂಖ್ಯೆ ಬೇಕಾದಾಗ ಅದನ್ನು ಕ್ಯಾರೆಕ್ಟರ್ ಪಾಯಿಂಟರ್ ಎಂದು ಘೋಷಿಸುತ್ತಿದ್ದರು. ಪಾಯಿಂಟರ್ ಅಂಕಿಯ ವೇಷ ಹಾಕುತ್ತಿತ್ತು, ಅಂಕಿ ಪಾಯಿಂಟರಿನ ವೇಷ ಹಾಕುತ್ತಿತ್ತು. ಎರಡೂ 16 ಬಿಟ್ ಇದ್ದದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

1977ರ ಸುಮಾರಿಗೆ ರಿಚಿ ಮತ್ತು ಸ್ಟೀವ್ ಜಾನ್ಸನ್ ಯೂನಿಕ್ಸನ್ನು ಇಂಟರ್‌ಡೇಟಾ 8/32 ಎಂಬ 32 ಬಿಟ್ ಯಂತ್ರಕ್ಕೆ ಒಯ್ಯಲು ಹೊರಟಾಗ ಈ ಸಲಿಗೆಗಳೆಲ್ಲ ಎದುರಿಗೆ ಬಂದು ನಿಂತವು. ಜಾನ್ಸನ್ ಲಿಂಟ್ ಎಂಬ ಪರೀಕ್ಷಕ ಬರೆದರು. ಭಾಷೆಯಲ್ಲಿ ಕಾಸ್ಟ್, ಅನ್‌ಸೈನ್ಡ್ ಮುಂತಾದವು ನೆಲೆಗೊಂಡವು. 1978ರಲ್ಲಿ ಪ್ರಕಟವಾದ ಕರ್ನಿಘನ್ ಮತ್ತು ರಿಚಿಯವರ ಪುಸ್ತಕದ ಅನುಬಂಧ, ಪಾಯಿಂಟರನ್ನು ಅದು ಹಿಡಿಸುವಷ್ಟು ದೊಡ್ಡ ಪೂರ್ಣಾಂಕಕ್ಕೆ ಬದಲಿಸಬಹುದು ಎಂದಿತು; ಅದು ಇಂಟ್ ಆಗಬೇಕೋ ಲಾಂಗ್ ಆಗಬೇಕೋ ಎಂಬುದನ್ನು ಆಯಾ ಯಂತ್ರಕ್ಕೆ ಬಿಟ್ಟಿತು. ಅಂದರೆ ಪ್ರಶ್ನೆಯನ್ನು ಬರವಣಿಗೆಯಲ್ಲಿ ದಾಖಲಿಸಿದ ಮೊದಲ ದಿನವೇ ಉತ್ತರ ಖಾಲಿ ಬಿಟ್ಟಿದ್ದರು. ನಂತರ ಬಂದ ವ್ಯಾಕ್ಸ್ ಯಂತ್ರದಲ್ಲಿ ಇಂಟ್, ಲಾಂಗ್, ಪಾಯಿಂಟರ್ ಮೂರೂ 32 ಬಿಟ್. ಒಂದು ಇಡೀ ಪೀಳಿಗೆ ವ್ಯಾಕ್ಸ್ ಮೇಲೆ ಸಿ ಕಲಿತು, ಇಂಟ್‌ನಲ್ಲಿ ಪಾಯಿಂಟರ್ ಹಿಡಿಸುತ್ತದೆ ಎಂಬುದನ್ನು ಪ್ರಕೃತಿ ನಿಯಮವೆಂದೇ ನಂಬಿತು.

ನಮ್ಮ ಕರ್ನಾಟಕದ ಕಾಲೇಜುಗಳ ವಿದ್ಯಾರ್ಥಿಗಳು ಪಾಯಿಂಟರನ್ನು ಮೊದಲು ಕಂಡದ್ದು ವ್ಯಾಕ್ಸ್ ಮೇಲಲ್ಲ, ಟರ್ಬೊ ಸಿಯ ನೀಲಿ ಪರದೆಯ ಮೇಲೆ. ಅಲ್ಲಿ ಇಂಟ್‌ಗೆ ಎರಡು ಬೈಟ್, ಸ್ಮಾಲ್ ಮಾಡೆಲ್‌ನಲ್ಲಿ ಪಾಯಿಂಟರಿಗೂ ಎರಡು ಬೈಟ್. ಆದ್ದರಿಂದ ಪ್ರಿಂಟ್‌ಎಫ್‌ನಲ್ಲಿ ‘%ಯು’ ಹಾಕಿ ವಿಳಾಸ ಮುದ್ರಿಸಿದರೆ 65524ರಂಥ ಅಂಕಿ ಬರುತ್ತಿತ್ತು. ಪುಸ್ತಕದಲ್ಲೂ ಹಾಗೇ ಇತ್ತು, ಪರೀಕ್ಷೆಯಲ್ಲೂ ಹಾಗೇ ಬರೆದರು. ಆ ಅಭ್ಯಾಸ ಈಗಲೂ ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಉಳಿದಿದೆ. ಇಂದಿನ ಯಂತ್ರದಲ್ಲಿ ಅದೇ ಸಾಲು ವಿಳಾಸದ ಅರ್ಧವನ್ನು ಮಾತ್ರ ತೋರಿಸಬಲ್ಲದು. ಮಾನಕದ ಪ್ರಕಾರ ಅದು ಏನು ತೋರಿಸಬೇಕು ಎಂಬ ನಿಯಮವೂ ಇಲ್ಲ. ವಾಯ್ಡ್ ಪಾಯಿಂಟರಿಗೆ ಕಾಸ್ಟ್ ಮಾಡಿ ‘%ಪಿ’ ಬಳಸುವುದು ಸರಿಯಾದ ಕ್ರಮ. ಅಧ್ಯಾಪಕ ಮಿತ್ರರು ಈ ಒಂದು ಅಕ್ಷರವನ್ನು ತಿದ್ದಿಸಿದರೆ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವಾಗುತ್ತದೆ.

ಆದರೂ ಟರ್ಬೊ ಸಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಾಯಿಂಟರ್ ಬರಿಯ ಅಂಕಿಯಲ್ಲ ಎಂಬುದನ್ನು ಅದರಷ್ಟು ಚೆನ್ನಾಗಿ ತೋರಿಸಿದ ಉಪಕರಣ ಕಡಿಮೆ. 8086 ಪ್ರೊಸೆಸರ್ 20 ಬಿಟ್ ವಿಳಾಸವನ್ನು 16 ಬಿಟ್‌ನ ಎರಡು ತುಂಡುಗಳಿಂದ ಕಟ್ಟುತ್ತದೆ: ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಬೇಕು. ಹೆಕ್ಸ್‌ನಲ್ಲಿ ಸೆಗ್ಮೆಂಟ್ 1000, ಆಫ್‌ಸೆಟ್ 0010 ಎಂದು ಬರೆಯಿರಿ; ಸೆಗ್ಮೆಂಟ್ 1001, ಆಫ್‌ಸೆಟ್ 0000 ಎಂದೂ ಬರೆಯಿರಿ. ಎರಡೂ 10010 ಎಂಬ ಒಂದೇ ಜಾಗ. ಒಂದು ಜಾಗವನ್ನು ಹೀಗೆ 4096 ಬಗೆಯಲ್ಲಿ ಬರೆಯಬಹುದು. ಸೆಗ್ಮೆಂಟ್, ಆಫ್‌ಸೆಟ್ ಎರಡನ್ನೂ ಹೊತ್ತ ಎರಡು ಫಾರ್ ಪಾಯಿಂಟರ್‌ಗಳು ಒಂದೇ ಬೈಟನ್ನು ತೋರಿಸುತ್ತಿದ್ದರೂ ಸಮವೇ ಎಂದು ಕೇಳಿದರೆ ಟರ್ಬೊ ಸಿ ಇಲ್ಲ ಎನ್ನುತ್ತಿತ್ತು, ಏಕೆಂದರೆ ಅದು 32 ಬಿಟ್‌ಗಳನ್ನು ಅಂಕಿಯಾಗಿ ಹೋಲಿಸುತ್ತಿತ್ತು. ಅಂಕಿ ಬೇರೆಯಾದರೂ ಜಾಗ ಒಂದೇ ಇರಬಹುದು. ಇದೇ ಟರ್ಬೊ ಸಿಯ ಲಾರ್ಜ್ ಮಾಡೆಲ್‌ನಲ್ಲಿ ಸೈಜ್_ಟಿ 16 ಬಿಟ್ ಆಗಿಯೇ ಉಳಿದು ಪಾಯಿಂಟರ್ 32 ಬಿಟ್ ಆಗಿತ್ತು. ಸೈಜ್_ಟಿ ಒಂದು ವಸ್ತುವಿನ ಗಾತ್ರ ಹೇಳುವ ಟೈಪ್; ಇಡೀ ಮೆಮೊರಿಯಲ್ಲಿ ಒಂದು ಜಾಗ ಗುರುತಿಸುವಷ್ಟು ಅಗಲ ಅದಕ್ಕೆ ಇರಲೇಬೇಕೆಂದಿಲ್ಲ. ಇಂದು ಎರಡೂ 64 ಬಿಟ್ ಇರುವ ಯಂತ್ರದ ಮೇಲೆ ಕೆಲಸ ಮಾಡುತ್ತ ಪಾಯಿಂಟರನ್ನು ಸೈಜ್_ಟಿಯಲ್ಲಿ ತುಂಬುವವರು ಇದನ್ನು ಗಮನಿಸಬೇಕು.

ಇನ್ನು 64 ಬಿಟ್‌ಗಳ ಕಾಲ. 1992ರಲ್ಲಿ ಡಿಜಿಟಲ್ ಕಂಪನಿಯ ಆಲ್ಫಾ ಬಂತು, 2003ರಲ್ಲಿ ಎಎಂಡಿಯ ಆಪ್ಟೆರಾನ್. ಪಾಯಿಂಟರ್ 64 ಬಿಟ್ ಆಗಲೇಬೇಕು. ಇಂಟ್ ಮತ್ತು ಲಾಂಗ್ ಏನಾಗಬೇಕು? ಯೂನಿಕ್ಸ್ ಪಂಗಡ ಇಂಟನ್ನು 32ರಲ್ಲಿ ಬಿಟ್ಟು ಲಾಂಗನ್ನು 64ಕ್ಕೆ ಏರಿಸಿತು. ಮೈಕ್ರೊಸಾಫ್ಟ್ ಲಾಂಗನ್ನೂ 32ರಲ್ಲೇ ಉಳಿಸಿತು. ಫೈಲ್‌ಗಳಲ್ಲಿ, ಸ್ಟ್ರಕ್ಚರ್‌ಗಳಲ್ಲಿ ಲಾಂಗ್ ಎಂದರೆ ನಾಲ್ಕು ಬೈಟ್ ಎಂದು ನಂಬಿದ್ದ ವಿಂಡೋಸ್ ಪ್ರೋಗ್ರಾಂಗಳು ಅಷ್ಟು ವಿಪುಲವಾಗಿದ್ದವು. ಎರಡೂ ನಿರ್ಧಾರಗಳಿಗೆ ಕಾರಣವಿತ್ತು. ಫಲ ಮಾತ್ರ ಒಂದೇ: ಲಾಂಗ್‌ನಲ್ಲಿ ಪಾಯಿಂಟರ್ ಹಿಡಿಸುತ್ತದೆ ಎಂಬ ಮಾತು ಲಿನಕ್ಸ್‌ನಲ್ಲಿ ನಿಜ, ವಿಂಡೋಸ್‌ನಲ್ಲಿ ಸುಳ್ಳು. ವಿಂಡೋಸ್ ತನಗಾಗಿ ಲಾಂಗ್_ಪಿಟಿಆರ್, ಯುಇಂಟ್_ಪಿಟಿಆರ್ ಎಂಬ ಟೈಪ್‌ಗಳನ್ನು ಮಾಡಿಕೊಂಡಿತು; ಸೆಟ್‌ವಿಂಡೋಲಾಂಗ್ ಎಂಬ ಹಳೆಯ ಫಂಕ್ಷನ್ನಿನ ಪಕ್ಕದಲ್ಲಿ ಸೆಟ್‌ವಿಂಡೋಲಾಂಗ್‌ಪಿಟಿಆರ್ ಬಂದು ಕೂತಿತು.

ಈ ದಾಟುವಿಕೆಯಲ್ಲಿ ಆದ ಒಂದು ಬಗೆಯ ತಪ್ಪನ್ನು ಹತ್ತಿರದಿಂದ ನೋಡೋಣ. ಮೆಮೊರಿ ಪಡೆದು ಅದರ ವಿಳಾಸ ಕೊಡುವ ಫಂಕ್ಷನ್ ಒಂದು ಫೈಲ್‌ನಲ್ಲಿದೆ. ಅದನ್ನು ಕರೆಯುವ ಸಾಲು ಇನ್ನೊಂದು ಫೈಲ್‌ನಲ್ಲಿದೆ, ಆದರೆ ಆ ಫೈಲ್‌ನಲ್ಲಿ ಹೆಡರ್ ಸೇರಿಸುವುದು ಮರೆತಿದೆ. ಹಳೆಯ ಸಿ ನಿಯಮದ ಪ್ರಕಾರ, ಘೋಷಣೆ ಕಾಣದ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಕಂಪೈಲರ್ ಊಹಿಸುತ್ತದೆ. ಫಂಕ್ಷನ್ ನಿಜವಾಗಿ ಕೊಟ್ಟದ್ದು ಹೆಕ್ಸ್‌ನಲ್ಲಿ 0000 5581 9240 1260 ಎಂಬ ವಿಳಾಸ ಎಂದುಕೊಳ್ಳಿ. ಕರೆದ ಸಾಲು ಅದರ ಕೆಳಗಿನ 32 ಬಿಟ್‌ಗಳನ್ನು, ಅಂದರೆ 9240 1260ನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅದರ ತುದಿಯ ಬಿಟ್ 1 ಇರುವುದರಿಂದ ಇಂಟ್ ದೃಷ್ಟಿಯಲ್ಲಿ ಇದು ಋಣ ಸಂಖ್ಯೆ. ಮತ್ತೆ ಪಾಯಿಂಟರ್ ಮಾಡಲು 64 ಬಿಟ್‌ಗೆ ಹಿಗ್ಗಿಸುವಾಗ ಮೇಲಿನ ಅರ್ಧಕ್ಕೆಲ್ಲ ಒಂದುಗಳು ತುಂಬಿ, ಎಂಟು ಎಫ್‌ಗಳ ನಂತರ 9240 1260 ಎಂಬ, ಪ್ರೋಗ್ರಾಂಗೆ ಸಂಬಂಧವೇ ಇಲ್ಲದ ವಿಳಾಸ ಹುಟ್ಟುತ್ತದೆ. ಡಿಬಗ್ಗರ್‌ನಲ್ಲಿ ನೋಡಿದರೆ ಕಾಲ್ ಸೂಚನೆಯ ಬೆನ್ನಿಗೇ ಹೀಗೆ ಹಿಗ್ಗಿಸುವ ಸಿಎಲ್‌ಟಿಕ್ಯು ಎಂಬ ಪುಟ್ಟ ಸೂಚನೆ ನಿಂತಿರುತ್ತದೆ. 64 ಬಿಟ್ ಲಿನಕ್ಸ್ ಮೇಲೆ ದುಡಿದವರು ಅದನ್ನು ಕಂಡ ಕೂಡಲೇ ರೋಗ ಗುರುತಿಸುತ್ತಾರೆ.

ಈ ತಪ್ಪಿನ ನಿಜವಾದ ಅಪಾಯ ಪ್ರೋಗ್ರಾಂ ಬೀಳುವುದರಲ್ಲಿಲ್ಲ, ಬಹುಕಾಲ ಬೀಳದೆ ಇರುವುದರಲ್ಲಿದೆ. ಆಗಿನ ಲಿನಕ್ಸ್ ಪ್ರೋಗ್ರಾಂಗಳು ಮೆಮೊರಿಯ ತಳಭಾಗದಲ್ಲಿ ಲೋಡ್ ಆಗುತ್ತಿದ್ದವು. ಚಿಕ್ಕ ಕೋರಿಕೆಗಳಿಗೆ ಸಿಗುವ ಜಾಗವೂ ಅಲ್ಲೇ ಮೇಲೆ ಇರುತ್ತಿತ್ತು. ಆ ವಿಳಾಸಗಳು 31 ಬಿಟ್‌ನೊಳಗೇ ಮುಗಿಯುವುದರಿಂದ ಅರ್ಧ ಕತ್ತರಿಸಿದರೂ ನಷ್ಟವಿಲ್ಲ. ಕೋರಿಕೆ 128 ಕಿಲೋಬೈಟ್ ದಾಟಿದಾಗ ಮಾತ್ರ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಸಾಮಾನ್ಯವಾಗಿ ಬೇರೆ ದಾರಿ ಹಿಡಿದು, ವಿಳಾಸ ಶ್ರೇಣಿಯ ಮೇಲ್ತುದಿಯ ಹತ್ತಿರ ಜಾಗ ಕೊಡುತ್ತದೆ. ಹಾಗಾಗಿ ಚಿಕ್ಕ ಕಡತ ಕೊಟ್ಟರೆ ಪ್ರೋಗ್ರಾಂ ಸರಿ, ದೊಡ್ಡ ಕಡತ ಕೊಟ್ಟರೆ ಸೆಗ್ಮೆಂಟೇಶನ್ ಫಾಲ್ಟ್. ಪರೀಕ್ಷೆ ಮಾಡಿದವರು ಚಿಕ್ಕ ಕಡತ ಕೊಟ್ಟಿರುತ್ತಾರೆ. 2016ರ ಸುಮಾರಿಗೆ ಭದ್ರತೆಯ ಕಾರಣಕ್ಕೆ ಪ್ರೋಗ್ರಾಂಗಳನ್ನೇ ಎತ್ತರದ, ಪ್ರತಿ ಸಲ ಬದಲಾಗುವ ವಿಳಾಸಗಳಲ್ಲಿ ಇಡುವ ಪದ್ಧತಿ ಲಿನಕ್ಸ್ ವಿತರಣೆಗಳಲ್ಲಿ ಸಾಮಾನ್ಯವಾದಾಗ, ವರ್ಷಗಟ್ಟಲೆ ಅಡಗಿ ಕೂತಿದ್ದ ಇಂಥ ತಪ್ಪುಗಳು ಹೊರಬಿದ್ದವು. ಘೋಷಣೆಯಿಲ್ಲದ ಕರೆಯನ್ನು ಮಾನಕ 1999ರಲ್ಲೇ ತೆಗೆದುಹಾಕಿತ್ತು. ಜಿಸಿಸಿ ಕಂಪೈಲರ್ ಅದನ್ನು ಎಚ್ಚರಿಕೆಯಿಂದ ದೋಷದ ಮಟ್ಟಕ್ಕೆ ಏರಿಸಿದ್ದು 2024ರ 14ನೇ ಆವೃತ್ತಿಯಲ್ಲಿ. ಕಾಸ್ಟ್ ಇಲ್ಲದೆ ಪೂರ್ಣಾಂಕವನ್ನು ಪಾಯಿಂಟರಿಗೆ ಕೊಡುವುದನ್ನೂ ಅದೇ ಆವೃತ್ತಿ ತಡೆಯಿತು. ಇಪ್ಪತ್ತೈದು ವರ್ಷ ಕಾದದ್ದು ಹೆಚ್ಚಾಯಿತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಯುಇಂಟ್‌ಪಿಟಿಆರ್_ಟಿ ಕೊಡುವ ಭಾಷೆಯನ್ನು, ಅಂದರೆ ಅದರ ವಾಗ್ದಾನವನ್ನು, ಸರಿಯಾಗಿ ಕೇಳಿಸಿಕೊಳ್ಳೋಣ. ಸಿಂಧುವಾದ ಒಂದು ವಾಯ್ಡ್ ಪಾಯಿಂಟರನ್ನು ಈ ಟೈಪ್‌ಗೆ ಬದಲಿಸಿ, ಮರಳಿ ವಾಯ್ಡ್ ಪಾಯಿಂಟರ್ ಮಾಡಿದರೆ ಅದು ಮೊದಲಿನದಕ್ಕೆ ಸಮ ಎನಿಸುತ್ತದೆ. ಇಷ್ಟೇ. ನಡುವೆ ಆ ಪೂರ್ಣಾಂಕ ಹೇಗೆ ಕಾಣುತ್ತದೆ, ಅದಕ್ಕೆ ಒಂದು ಕೂಡಿದರೆ ಮುಂದಿನ ಬೈಟ್ ಸಿಗುತ್ತದೆಯೇ, ಎರಡು ವಿಳಾಸಗಳಲ್ಲಿ ದೊಡ್ಡದು ಯಾವುದು, ಯಾವುದನ್ನೂ ಮಾನಕ ಹೇಳುವುದಿಲ್ಲ. ಕ್ರೇ ಯಂತ್ರಗಳು ವರ್ಡ್ ವಿಳಾಸದವು. ಅಲ್ಲಿ ಕ್ಯಾರೆಕ್ಟರ್ ಪಾಯಿಂಟರ್ ವರ್ಡ್‌ನೊಳಗಿನ ಬೈಟಿನ ಸ್ಥಾನವನ್ನು ಮೇಲಿನ ಬಿಟ್‌ಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಅಂಥ ಪಾಯಿಂಟರನ್ನು ಪೂರ್ಣಾಂಕವಾಗಿಸಿ ಒಂದು ಕೂಡಿದರೆ ಸಿಗುವುದು ಮುಂದಿನ ವರ್ಡ್, ಮುಂದಿನ ಅಕ್ಷರವಲ್ಲ. ಇನ್ನೊಂದು ಸಂಗತಿ: ಈ ಟೈಪ್ ಇರಲೇಬೇಕೆಂಬ ಕಡ್ಡಾಯವಿಲ್ಲ. ಐಬಿಎಂನ ಎಎಸ್/400 ವಂಶದ ಯಂತ್ರಗಳಲ್ಲಿ ಪಾಯಿಂಟರಿಗೆ 16 ಬೈಟ್, ಜೊತೆಗೆ ಪ್ರೋಗ್ರಾಂ ಮುಟ್ಟಲಾಗದ ಗುರುತು. ಅದನ್ನು ಮಾಮೂಲಿ ಪೂರ್ಣಾಂಕದಲ್ಲಿ ಇಟ್ಟು ತೆಗೆಯಲಾಗದು. ಇಂಥ ಯಂತ್ರಗಳನ್ನು ಹೊರಗಿಡಬಾರದೆಂದೇ ಮಾನಕ ಇಂದಿಗೂ ಇದನ್ನು ಐಚ್ಛಿಕವಾಗಿ ಇಟ್ಟಿದೆ.

ಇಷ್ಟೆಲ್ಲ ತೊಂದರೆ ಇರುವಾಗ ಪಾಯಿಂಟರನ್ನು ಪೂರ್ಣಾಂಕ ಮಾಡುವುದಾದರೂ ಏಕೆ? ಒಳ್ಳೆಯ ಕಾರಣಗಳಿವೆ. ಲಿನಕ್ಸ್ ಕರ್ನಲ್‌ನ ಕೆಂಪು-ಕಪ್ಪು ಮರವನ್ನು ತೆಗೆದುಕೊಳ್ಳಿ. ಅದರ ಪ್ರತಿ ನೋಡ್‌ಗೂ ತಾಯಿ ನೋಡ್‌ನ ವಿಳಾಸ ಬೇಕು, ಕೆಂಪೋ ಕಪ್ಪೋ ಎಂಬ ಒಂದು ಬಿಟ್ ಬೇಕು. ನೋಡ್‌ಗಳು ನಾಲ್ಕರ ಇಲ್ಲವೇ ಎಂಟರ ಗುಣಕದ ವಿಳಾಸಗಳಲ್ಲೇ ಕೂರುವುದರಿಂದ ವಿಳಾಸದ ಕೊನೆಯ ಬಿಟ್‌ಗಳು ಸದಾ ಸೊನ್ನೆ. ಹಾಗಾಗಿ ಬಣ್ಣವನ್ನು ಅಲ್ಲೇ ಕೂರಿಸಿ, ಎರಡನ್ನೂ ಒಂದು ಅನ್‌ಸೈನ್ಡ್ ಲಾಂಗ್‌ನಲ್ಲಿ ಇಟ್ಟಿದ್ದಾರೆ. ನೋಡ್‌ಗೆ ಎಂಟು ಬೈಟ್ ಉಳಿತಾಯ. ಲಕ್ಷಾಂತರ ನೋಡ್‌ಗಳಿರುವಲ್ಲಿ ಅದು ಸಣ್ಣ ಮಾತಲ್ಲ. ಕೆಳಗಿನ ಬಿಟ್‌ಗಳನ್ನು ಹೀಗೆ ಬಳಸುವುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅವು ಸೊನ್ನೆ ಎಂಬ ಖಾತರಿ ಪ್ರೋಗ್ರಾಂನ ಕೈಯಲ್ಲೇ ಇದೆ.

ಮೇಲಿನ ಬಿಟ್‌ಗಳ ಕಥೆ ಬೇರೆ. 1984ರ ಮೊದಲ ಮ್ಯಾಕಿಂಟಾಶ್‌ನ 68000 ಪ್ರೊಸೆಸರ್‌ನ ರಿಜಿಸ್ಟರ್‌ಗಳು 32 ಬಿಟ್, ಆದರೆ ಹೊರಗೆ ಹೋಗುವ ವಿಳಾಸ 24 ಬಿಟ್ ಮಾತ್ರ. ಉಳಿದ ಎಂಟು ಬಿಟ್‌ಗಳನ್ನು ಯಂತ್ರ ನೋಡುವುದೇ ಇಲ್ಲ ಎಂದು ಆಪಲ್ ಮೆಮೊರಿ ವ್ಯವಸ್ಥೆ ಅಲ್ಲಿ ತನ್ನ ಗುರುತುಗಳನ್ನು ಇಟ್ಟಿತು: ಈ ತುಂಡು ಅಲುಗಬಾರದು, ಇದನ್ನು ಬೇಕಾದರೆ ಅಳಿಸಬಹುದು ಎಂಬಂಥವು. 128 ಕಿಲೋಬೈಟ್‌ನ ಯಂತ್ರದಲ್ಲಿ ಅದು ಜಾಣತನ. ಆದರೆ ಪೂರ್ತಿ 32 ಬಿಟ್ ವಿಳಾಸ ಬಳಸುವ ಪ್ರೊಸೆಸರ್ 1987ರಲ್ಲಿ ಮ್ಯಾಕಿಂಟಾಶ್‌ಗೆ ಬಂದಾಗ ಆ ಗುರುತುಗಳೇ ವಿಳಾಸದ ಭಾಗವಾದವು. 1991ರ ಸಿಸ್ಟಂ 7 ಬರುವವರೆಗೆ, ಆಮೇಲೂ, ಪ್ರೋಗ್ರಾಂಗಳನ್ನು ಒಂದೊಂದಾಗಿ ತೊಳೆಯಬೇಕಾಯಿತು. ಎಎಂಡಿ ತನ್ನ 64 ಬಿಟ್ ವಿನ್ಯಾಸದಲ್ಲಿ ಈ ಬಾಗಿಲನ್ನೇ ಮುಚ್ಚಿತು: ವಿಳಾಸಕ್ಕೆ ಆಗ ಬಳಸಿದ್ದು 48 ಬಿಟ್ ಆದರೂ ಮೇಲಿನ 16 ಬಿಟ್‌ಗಳು 47ನೇ ಬಿಟ್‌ನ ಪ್ರತಿಯೇ ಆಗಿರಬೇಕಿತ್ತು, ಇಲ್ಲದಿದ್ದರೆ ಪ್ರೊಸೆಸರ್ ತಪ್ಪು ಎಂದು ನಿಲ್ಲಿಸುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಗಲದ ವಿಷಯ, ಎಷ್ಟು ಬಿಟ್ ಬೇಕು ಎಂಬುದು. ಬಿಟ್‌ಗಳೆಲ್ಲ ಹಿಡಿಸಿದ ಮೇಲೂ ಉಳಿಯುವ ಪ್ರಶ್ನೆ ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಎಕ್ಸ್ ಮತ್ತು ವೈ ಎಂಬ ಎರಡು ಪೂರ್ಣಾಂಕಗಳು ಮೆಮೊರಿಯಲ್ಲಿ ಅಕ್ಕಪಕ್ಕ ಕೂತಿವೆ. ಎಕ್ಸ್‌ನ ಬೆಲೆ 1, ವೈನ ಬೆಲೆ 2. ಎಕ್ಸ್‌ನ ವಿಳಾಸಕ್ಕೆ ಒಂದು ಕೂಡಿ ಒಂದು ಪಾಯಿಂಟರ್ ಮಾಡಿ. ವೈನ ವಿಳಾಸದಿಂದ ಇನ್ನೊಂದು ಮಾಡಿ. ಒಂದೊಂದು ಬಿಟ್ಟನ್ನೂ ಹೋಲಿಸಿ ನೋಡಿ, ಎರಡೂ ಒಂದೇ. ಈಗ ಮೊದಲ ಪಾಯಿಂಟರಿನ ಮೂಲಕ 11 ಬರೆಯಿರಿ. ಜಿಸಿಸಿಯ ಆಪ್ಟಿಮೈಸರ್ ಚಾಲೂ ಇದ್ದರೆ, ಮೊದಲ ಪಾಯಿಂಟರಿನ ಮೂಲಕ ಓದಿದಾಗ 11 ಬರುತ್ತದೆ, ವೈಯನ್ನು ಓದಿದಾಗ 2 ಬರುತ್ತದೆ. ಒಂದೇ ಜಾಗ, ಎರಡು ಬೆಲೆ. ಕಂಪೈಲರ್ ಕೆಟ್ಟಿಲ್ಲ. ಎಕ್ಸ್‌ನಿಂದ ಹೊರಟ ಪಾಯಿಂಟರ್ ವೈಯನ್ನು ಮುಟ್ಟಲು ಬಾರದು ಎಂಬ ನಂಬಿಕೆಯ ಮೇಲೆ ಅದು ಕೆಲಸ ಮಾಡಿದೆ. ಆ ನಂಬಿಕೆ ಇಲ್ಲದಿದ್ದರೆ ಪ್ರತಿ ಬರಹದ ನಂತರವೂ ಎಲ್ಲ ಚರಗಳನ್ನು ಮೆಮೊರಿಯಿಂದ ಮತ್ತೆ ಓದಬೇಕಾಗುತ್ತದೆ, ಪ್ರೋಗ್ರಾಂ ಕುಂಟುತ್ತದೆ.

ಹೊಲದ ಸರ್ವೆ ನಂಬರ್ ಯಾರು ಬೇಕಾದರೂ ತಿಳಿದಿರಬಹುದು. ಉಳುವ ಹಕ್ಕು ಪಹಣಿಯಲ್ಲಿ ಹೆಸರಿರುವವನದು. ಪಾಯಿಂಟರಿನಲ್ಲಿ ನಂಬರೂ ಇದೆ, ಹಕ್ಕೂ ಇದೆ. ಈ ಹಕ್ಕಿನ ಮೂಲಕ್ಕೆ ಮಾನಕದವರು ಪ್ರಾವಿನೆನ್ಸ್ ಎನ್ನುತ್ತಾರೆ. ಪೂರ್ಣಾಂಕ ಮಾಡಿದಾಗ ನಂಬರ್ ಉಳಿಯುತ್ತದೆ, ಹಕ್ಕು ಏನಾಗುತ್ತದೆ? ಈ ಸಂದೇಹ ಸಿ ಸಮಿತಿಯ ಮುಂದೆ 260ನೇ ದೋಷ ವರದಿಯ ರೂಪದಲ್ಲಿ ಈ ಶತಮಾನದ ಆರಂಭದಲ್ಲೇ ಬಂದಿತ್ತು. ಕೇಂಬ್ರಿಜ್‌ನ ಪೀಟರ್ ಸೂವೆಲ್, ಫ್ರಾನ್ಸ್‌ನ ಯೆನ್ಸ್ ಗುಸ್ಟೆಟ್ ಮುಂತಾದವರು ವರ್ಷಗಟ್ಟಲೆ ದುಡಿದು ಒಂದು ಮಾದರಿ ಕಟ್ಟಿದರು. ಅದು 2025ರಲ್ಲಿ ಟಿಎಸ್ 6010 ಎಂಬ ತಾಂತ್ರಿಕ ನಿರ್ದೇಶನವಾಗಿ ಹೊರಬಂತು. ಅದರ ತಿರುಳು ಹೀಗಿದೆ. ಪಾಯಿಂಟರನ್ನು ಪೂರ್ಣಾಂಕಕ್ಕೆ ಬದಲಿಸಿದ ಕ್ಷಣ ಅದು ತೋರಿಸುವ ವಸ್ತುವಿನ ವಿಳಾಸ ಬಯಲಾಯಿತು ಎಂದು ಲೆಕ್ಕ. ಮುಂದೆ ಯಾವುದೋ ಪೂರ್ಣಾಂಕವನ್ನು ಪಾಯಿಂಟರ್ ಮಾಡಿದಾಗ, ಆ ಅಂಕಿ ಹೀಗೆ ಬಯಲಾದ ಮತ್ತು ಇನ್ನೂ ಜೀವಂತವಿರುವ ವಸ್ತುವಿನೊಳಗೆ ಬಿದ್ದರೆ ಅದರ ಹಕ್ಕು ಮರಳಿ ಸಿಗುತ್ತದೆ. ಬಯಲಾಗದ ವಸ್ತುವಿನ ವಿಳಾಸವನ್ನು ಊಹಿಸಿ ಬರೆದರೆ ಸಿಗುವುದಿಲ್ಲ. ನನಗೆ ಇದು ನ್ಯಾಯವಾದ ಒಪ್ಪಂದವೆಂದು ಕಾಣುತ್ತದೆ: ಕರ್ನಲ್ ಬರೆಯುವವರ ಕೆಂಪು-ಕಪ್ಪು ಮರ ಉಳಿಯುತ್ತದೆ, ಆಪ್ಟಿಮೈಸರಿನ ನಂಬಿಕೆಯೂ ಉಳಿಯುತ್ತದೆ.

ಕಂಪೈಲರ್ ಒಳಗೆ, ಕಾಗದದ ಮೇಲೆ ಮಾತ್ರ ಇದ್ದ ಈ ಹಕ್ಕನ್ನು ಯಂತ್ರಾಂಶಕ್ಕೇ ತಂದವರಿದ್ದಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಎಸ್‌ಆರ್‌ಐ ಇಂಟರ್‌ನ್ಯಾಷನಲ್ 2010ರಲ್ಲಿ ಆರಂಭಿಸಿದ ಚೆರಿ ಯೋಜನೆಯಲ್ಲಿ 64 ಬಿಟ್ ಯಂತ್ರದ ಪಾಯಿಂಟರ್ 128 ಬಿಟ್ ಇರುತ್ತದೆ. ಅರ್ಧ ವಿಳಾಸ, ಉಳಿದರ್ಧದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಹೋಗಬಹುದು, ಓದಬಹುದೇ, ಬರೆಯಬಹುದೇ ಎಂಬ ವಿವರ. ಇದರ ಹೊರಗೆ, ಪ್ರೋಗ್ರಾಂ ನೇರವಾಗಿ ಬರೆಯಲಾಗದ ಒಂದು ಟ್ಯಾಗ್ ಬಿಟ್. ಪಾಯಿಂಟರಿನ ಬೈಟ್‌ಗಳನ್ನು ಯಾರಾದರೂ ಸಾಮಾನ್ಯ ದತ್ತಾಂಶದಂತೆ ತಿದ್ದಿದರೆ ಟ್ಯಾಗ್ ಅಳಿಯುತ್ತದೆ. ಆಮೇಲೆ ಅದರ ಮೂಲಕ ಮೆಮೊರಿ ಮುಟ್ಟಿದರೆ ಪ್ರೊಸೆಸರ್ ತಡೆಯುತ್ತದೆ. 2022ರಲ್ಲಿ ಆರ್ಮ್ ಕಂಪನಿ ಮೊರೆಲೋ ಎಂಬ ಪ್ರಾಯೋಗಿಕ ಬೋರ್ಡ್‌ನಲ್ಲಿ ಇದನ್ನು ಸಿಲಿಕಾನ್‌ಗೆ ಇಳಿಸಿತು.

ಈ ಯಂತ್ರದಲ್ಲಿ ಲಾಂಗ್ 64 ಬಿಟ್, ಸೈಜ್_ಟಿ 64 ಬಿಟ್, ಯುಇಂಟ್‌ಪಿಟಿಆರ್_ಟಿ ಮಾತ್ರ 128 ಬಿಟ್. ಅದು ಒಳಗೆ ಪೂರ್ತಿ ಪಾಯಿಂಟರನ್ನು, ಟ್ಯಾಗ್ ಸಮೇತ, ಹೊತ್ತಿರುತ್ತದೆ. ಪಾಯಿಂಟರನ್ನು ಲಾಂಗ್ ಮೂಲಕ ದಾಟಿಸಿದ ಪ್ರೋಗ್ರಾಂಗೆ ವಿಳಾಸ ಸರಿಯಾಗಿ ಮರಳುತ್ತದೆ, ಹಕ್ಕು ಮರಳುವುದಿಲ್ಲ, ಮೊದಲ ಬಳಕೆಯಲ್ಲೇ ನಿಲ್ಲುತ್ತದೆ. ಫ್ರೀಬಿಎಸ್‌ಡಿಯನ್ನು ಚೆರಿಗೆ ಒಯ್ದವರು ಮಾಡಿದ ತಿದ್ದುಪಡಿಗಳಲ್ಲಿ ಇಂಥ ಸಾಲುಗಳನ್ನು ಹುಡುಕಿ ಟೈಪ್ ಬದಲಿಸುವುದೂ ಒಂದು. ಕಡೆಯ ಬಿಟ್‌ನಲ್ಲಿ ಗುರುತು ಇಡುವ ತಂತ್ರ ಯುಇಂಟ್‌ಪಿಟಿಆರ್_ಟಿಯಲ್ಲಿ ಬರೆದಿದ್ದರೆ ಇಲ್ಲೂ ನಡೆಯುತ್ತದೆ. ಲಾಂಗ್‌ನಲ್ಲಿ ಬರೆದಿದ್ದರೆ ನಡೆಯುವುದಿಲ್ಲ. ಎರಡು ವಿಳಾಸಗಳನ್ನು ಎಕ್ಸ್-ಆರ್ ಮಾಡಿ ಒಂದರಲ್ಲಿ ಅಡಗಿಸುವ ಹಳೆಯ ಲಿಂಕ್ಡ್ ಲಿಸ್ಟ್ ಯಾವ ಟೈಪ್‌ನಲ್ಲಿ ಬರೆದರೂ ನಡೆಯುವುದಿಲ್ಲ, ಏಕೆಂದರೆ ಆ ಫಲಿತಾಂಶಕ್ಕೆ ಯಾರ ಹಕ್ಕು ಕೊಡಬೇಕೆಂದು ಯಂತ್ರಕ್ಕೆ ತಿಳಿಯದು. 1999ರಲ್ಲಿ ಹೆಡರ್‌ಗೆ ಈ ಟೈಪ್ ಸೇರಿಸಿದ ಸಮಿತಿಯ ಮುಂದೆ ಚೆರಿ ಇರಲಿಲ್ಲ. ಆದರೂ ಅವರು ಬರೆದ ವಾಕ್ಯ ಅಂಕಿಯ ರೂಪದ ಬಗ್ಗೆ ಮೌನವಾಗಿದ್ದು, ಹೋಗಿ ಬರುವುದನ್ನು ಮಾತ್ರ ಖಾತರಿಪಡಿಸಿದ್ದರಿಂದ, ಅವರು ಕಾಣದ ಯಂತ್ರಕ್ಕೂ ಅದು ಒಂದಕ್ಷರ ತಿದ್ದದೆ ಹೊಂದುತ್ತಿದೆ.

ನನಗೆ ಕೊಟ್ಟ ಸಮಯ ಮುಗಿದಿದೆ. ಇಂಟ್‌ಪಿಟಿಆರ್_ಟಿ ಮತ್ತು ಪಿಟಿಆರ್‌ಡಿಫ್_ಟಿಗಳ ಬಗ್ಗೆ, ಥ್ರೆಡ್‌ಗೆ ಚಿಕ್ಕ ಸಂಖ್ಯೆಯೊಂದನ್ನು ವಾಯ್ಡ್ ಪಾಯಿಂಟರ್ ರೂಪದಲ್ಲಿ ಕಳಿಸುವ ರೂಢಿಯ ಬಗ್ಗೆ ಕೇಳಬೇಕೆಂದಿರುವವರು ಪ್ರಶ್ನೋತ್ತರದಲ್ಲಿ ದಯವಿಟ್ಟು ಕೇಳಿ.